ಕ್ರೈಸ್ತ ಭಕ್ತಿಯೂ ನಿತ್ಯಜೀವನವೂ



ಭಕ್ತಿಯೆಂಬುದು ಎಲ್ಲ ಮತಗಳಲ್ಲಿಯೂ ಉಂಟು. ಲೌಕಿಕದ ಚಿಂತೆಯು ಎಲ್ಲ ಮನೆಗಳಲ್ಲಿಯೂ ಉಂಟು. ಇವೆರಡರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆಗೆ ಕ್ರೈಸ್ತಧರ್ಮವು ಕೊಟ್ಟಿರುವ ಉತ್ತರವನ್ನೂ, ಆ ಉತ್ತರವನ್ನು ನಮ್ಮ ಸೀಮೆಯಲ್ಲಿ ಬಾಳಿದ ಜನರು ಹೇಗೆ ಆಚರಣೆಗೆ ತರಲು ಯತ್ನಿಸಿದರೆಂಬುದನ್ನೂ ಈ ಹೊತ್ತು ಸ್ವಲ್ಪಮಟ್ಟಿಗೆ ವಿಚಾರಮಾಡೋಣ. ನಾನು ಧರ್ಮಬೋಧಕನಲ್ಲ, ಕಾಲೇಜಿನಲ್ಲಿ ಪಾಠ ಹೇಳತಕ್ಕವನು. ಆದುದರಿಂದ ಉಪದೇಶಮಾಡುವ ಅಧಿಕಾರ ನನಗಿಲ್ಲ. ಒಂದು ಮಾತಿನ ಅರ್ಥವೇನು, ಆ ಮಾತನ್ನು ನಂಬಿದವರಿಗೆ ಅದರಿಂದ ಒದಗಿದ ಕಷ್ಟವೇನು, ಇಷ್ಟನ್ನು ಮಾತ್ರ ತಮ್ಮ ಮುಂದೆ ಇಡಬಲ್ಲೆನು.

ಮತ್ತಾಯನ ಸುವಾರ್ತೆಯಲ್ಲಿ ಪರ್ವತಪ್ರಸಂಗವೆಂದು ಪ್ರಸಿದ್ಧವಾದ ಭಾಗವೊಂದಿದೆ. ಯೇಸುಸ್ವಾಮಿಯು ಅದನ್ನು ಉಪದೇಶಿಸಿದ್ದು ಶ್ರೀಮಂತರಿಗಲ್ಲ. ಎದುರಿಗೆ ಕುಳಿತಿದ್ದವರಲ್ಲಿ ಬಹುಮಂದಿ ಬೆಸ್ತರು, ಒಕ್ಕಲಿಗರು, ದಿನಗೂಲಿಯವರು. ರೋಮನರ ಕಂದಾಯವನ್ನು ಹೊತ್ತು ಬಳಲುತ್ತಿದ್ದ ಬಡಜನರು. ಅಂಥವರಿಗೆ, ಏನನ್ನು ಉಣ್ಣಬೇಕು, ಏನನ್ನು ಉಡಬೇಕು ಎಂದು ಚಿಂತಿಸಬೇಡಿರೆಂದು ಹೇಳಿದರೆ ಅದು ಕ್ರೂರವಾದ ಮಾತಲ್ಲವೇ ಎಂದು ಯಾರಿಗಾದರೂ ತೋರಬಹುದು. ಆದರೆ ಆ ಪ್ರಸಂಗವನ್ನು ಎಚ್ಚರಿಕೆಯಿಂದ ಓದಿದರೆ, ಅನ್ನವಸ್ತ್ರಗಳು ಬೇಡವೆಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ಅವು ನಿಮಗೆ ಬೇಕೆಂಬುದು ಪರಲೋಕದ ತಂದೆಗೆ ತಿಳಿದೇ ಇದೆ ಎಂದು ಸ್ಪಷ್ಟವಾಗಿ ಒಪ್ಪಿಕೊಂಡು, ಮೊದಲು ದೇವರ ರಾಜ್ಯವನ್ನು ಅರಸಿರಿ ಎಂಬುದು ಅಲ್ಲಿನ ಬೋಧನೆ. ಭಾರವೆಲ್ಲ "ಮೊದಲು" ಎಂಬ ಒಂದು ಪದದ ಮೇಲೆ ಬಿದ್ದಿದೆ. ಇದು ತ್ಯಾಗದ ಪ್ರಶ್ನೆ ಎನ್ನುವುದಕ್ಕಿಂತ ಕ್ರಮದ ಪ್ರಶ್ನೆ ಎನ್ನುವುದು ಹೆಚ್ಚು ಸರಿ.

ಇದೇ ಅಧ್ಯಾಯದಲ್ಲಿ ಯೇಸುವು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೂ ಇದೆ. ಕ್ರೈಸ್ತರ ಮನೆಯಲ್ಲಿ ಮಗುವು ಮೊಟ್ಟಮೊದಲು ಕಲಿಯುವ ಪ್ರಾರ್ಥನೆಯದು. ಅದರ ರಚನೆಯನ್ನು ಗಮನಿಸಬೇಕು. ಮೊದಲಿನ ಮೂರು ಬೇಡಿಕೆಗಳು ದೇವರ ನಾಮವನ್ನೂ, ರಾಜ್ಯವನ್ನೂ, ಚಿತ್ತವನ್ನೂ ಕುರಿತವು. ನಾಲ್ಕನೆಯದು ಅನ್ನದ ಬೇಡಿಕೆ. ಅನ್ನವನ್ನು ಬೇಡಲು ಅಲ್ಲಿ ನಾಚಿಕೆಯಿಲ್ಲ; ಆದರೆ ಅದಕ್ಕೆ ಮೊದಲನೆಯ ಸ್ಥಾನವಿಲ್ಲ. ಬೇಡುವುದು ಕೂಡ ಆ ದಿನದ ಅನ್ನವನ್ನು ಮಾತ್ರ. ಹತ್ತು ವರ್ಷದ ಕಣಜವನ್ನಲ್ಲ. ಮತ್ತು ಬೇಡತಕ್ಕವನು "ನನಗೆ" ಎನ್ನದೆ "ನಮಗೆ" ಎನ್ನುತ್ತಾನೆ. ಪಕ್ಕದ ಮನೆಯ ಒಲೆ ಉರಿಯದಿರುವಾಗ ತನ್ನ ಮನೆಯ ಅನ್ನಕ್ಕೆ ಮಾತ್ರ ವಂದನೆ ಹೇಳಿದವನು ಆ ಪ್ರಾರ್ಥನೆಯನ್ನು ಅರ್ಧ ಮಾತ್ರ ಹೇಳಿದಂತಾಯಿತು.

ಲೂಕನ ಸುವಾರ್ತೆಯಲ್ಲಿ ಬರುವ ಮಾರ್ಥ ಮತ್ತು ಮರಿಯ ಎಂಬ ಅಕ್ಕತಂಗಿಯರ ಕಥೆಯನ್ನೂ ಅನೇಕರು ತಪ್ಪಾಗಿ ತಿಳಿದಿದ್ದಾರೆ. ಯೇಸುವು ಮನೆಗೆ ಬಂದಾಗ ಮರಿಯಳು ಆತನ ಪಾದದ ಬಳಿ ಕುಳಿತು ಕೇಳಿದಳು. ಮಾರ್ಥಳು ಅಡಿಗೆಯ ಗಡಿಬಿಡಿಯಲ್ಲಿದ್ದು, ತಂಗಿ ನೆರವಿಗೆ ಬರಲಿಲ್ಲವೆಂದು ದೂರಿಕೊಂಡಳು. ಮಾರ್ಥಳಿಗೆ ದೊರೆತ ಬುದ್ಧಿವಾದವು ಅವಳು ಅಡಿಗೆಮಾಡಿದ್ದಕ್ಕಲ್ಲ. ಅತಿಥಿಗಾಗಿ ಅಡಿಗೆ ಮಾಡುತ್ತ ಅತಿಥಿಯನ್ನೇ ಮರೆತದ್ದಕ್ಕೆ. ಕೆಲಸವು ದೊಡ್ಡದಾಗಿ, ಯಾರಿಗಾಗಿ ಕೆಲಸವೋ ಅವನು ಸಣ್ಣವನಾದನು. ನಮ್ಮ ಸಂಸಾರಗಳಲ್ಲಿ ಇದು ನಡೆಯದ ದಿನವೇ ಅಪರೂಪ.

ಈ ಭಾವನೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಸಿ ಹೇಳಿದಾಗ, ದುಡಿಮೆಯನ್ನು ಬಿಡದೆ ದುಡಿಮೆಯ ಫಲಕ್ಕೆ ಒಡೆಯನು ಬೇರೆಯೊಬ್ಬನೆಂಬುದನ್ನು ತೋರಿಸಿಕೊಟ್ಟರು. ಪುರಂದರದಾಸರು ವ್ಯಾಪಾರದ ಐಶ್ವರ್ಯವನ್ನು ತೊರೆದು ಹರಿದಾಸರಾದರೆಂಬ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಮತಗಳೆಲ್ಲವೂ ಒಂದೇ ಎಂದು ಹೇಳಿ ವಿಷಯವನ್ನು ಮುಗಿಸುವುದು ನನ್ನ ಇಚ್ಛೆಯಲ್ಲ, ಭೇದಗಳುಂಟು. ಆದರೆ ಕ್ರೈಸ್ತನ ಈ ಪ್ರಶ್ನೆಯನ್ನು ನೆರೆಯವನು ಹೊರಗಿನವನಂತೆ ನಿಂತು ಕೇಳಬೇಕಾಗಿಲ್ಲವೆಂಬುದನ್ನು ಮಾತ್ರ ಸೂಚಿಸುತ್ತೇನೆ.

ಇನ್ನು ನಮ್ಮ ನೆಲದ ಚರಿತ್ರೆಗೆ ಬರೋಣ. 1784ರಲ್ಲಿ, ಎರಡನೆಯ ಮೈಸೂರು ಯುದ್ಧವು ಮುಗಿದ ವರ್ಷ, ಟಿಪ್ಪೂ ಸುಲ್ತಾನರು ಕರಾವಳಿಯ ಕ್ಯಾಥೋಲಿಕ್ ಕ್ರೈಸ್ತರನ್ನು, ಇಂಗ್ಲಿಷರಿಗೆ ಸಹಾಯಮಾಡಿದರೆಂಬ ಆಪಾದನೆಯ ಮೇಲೆ ಸೆರೆಹಿಡಿಸಿ, ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರ ಸಂಖ್ಯೆಯ ವಿಷಯದಲ್ಲಿ ಚರಿತ್ರಕಾರರಿಗೆ ಒಮ್ಮತವಿಲ್ಲ; ಹತ್ತಾರು ಸಾವಿರವೆಂಬುದರಲ್ಲಿ ಸಂದೇಹವಿಲ್ಲ. ಅವರ ಗದ್ದೆ ತೋಟಗಳು ಮುಟ್ಟುಗೋಲಾದವು; ಗುಡಿಗಳು ನೆಲಸಮವಾದವು; ಪಾದ್ರಿಗಳು ಗಡೀಪಾರಾದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಸತ್ತರು. ಉಳಿದವರಲ್ಲಿ ಅನೇಕರು ಬಲವಂತದಿಂದ ಮತಾಂತರ ಹೊಂದಿದರು. ಹದಿನೈದು ವರ್ಷಗಳ ಮೇಲೆ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ, ಬದುಕಿದ್ದವರಿಗೆ ಬಿಡುಗಡೆಯಾಯಿತು.

ಆ ಸಮಯದಲ್ಲಿ ಇಲ್ಲಿಗೆ ಬಂದವರು ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ. ಅವರು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಪ್ಯಾರಿಸಿನ ವಿದೇಶ ಮಿಷನ್ನಿನ ಕಡೆಯಿಂದ ಇಂಡಿಯಾಕ್ಕೆ ಹೊರಟವರು. ಚದರಿಹೋಗಿದ್ದ ಕ್ರೈಸ್ತಸಭೆಯನ್ನು ಮರಳಿ ಕೂಡಿಸುವುದಕ್ಕಾಗಿ ಅವರು ಮೈಸೂರು ಸೀಮೆಗೆ ಆಹ್ವಾನಿತರಾದರು. ನಮ್ಮ ಜನದ ಉಡುಪನ್ನೇ ಉಟ್ಟರು. ನಮ್ಮ ಊಟವನ್ನೇ ಉಂಡರು. ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. 1823ರಲ್ಲಿ ಸ್ವದೇಶಕ್ಕೆ ಹೊರಡುವವರೆಗೂ ಅವರ ಬಾಳು ಈ ಪ್ರಾಂತ್ಯದಲ್ಲಿಯೇ ಸವೆಯಿತು.

ದ್ಯುಬುವಾ ಅವರ ಮುಂದೆ ಬಂದು ನಿಂತ ಮೊದಲನೆಯ ಪ್ರಶ್ನೆ ಬಹಳ ಕಠಿಣವಾದದ್ದು. ಪ್ರಾಣಭಯದಿಂದ ನಂಬಿಕೆಯನ್ನು ಬಿಟ್ಟವರು ಈಗ ಮರಳಿ ಬರಲಿಚ್ಛಿಸಿದರು. ಇವರನ್ನು ಏನು ಮಾಡತಕ್ಕದ್ದು? ಅಷ್ಟು ಸಾವಿರ ಜನರಲ್ಲಿ ತನ್ನ ನಂಬಿಕೆಯನ್ನು ಸಾರಿ ಪ್ರಾಣಕೊಡುವ ಧೈರ್ಯ ಒಬ್ಬನಿಗೂ ಬರಲಿಲ್ಲವೆಂದು ಮುಂದೆ ಅವರು ಬಹಳ ನೊಂದು ಬರೆದರು. ಆದರೂ ಹಿಂದಿರುಗಿ ಬಂದವರನ್ನು ಅವರು ಹೊರಗೆ ನಿಲ್ಲಿಸಲಿಲ್ಲ, ಸಭೆಯೊಳಕ್ಕೆ ಸೇರಿಸಿಕೊಂಡರು. ಭಕ್ತಿಯನ್ನು ಎಲ್ಲಕ್ಕೂ ಮೊದಲು ಇಡಬೇಕೆಂಬ ಧರ್ಮವೇ, ಹಾಗೆ ಇಡಲಾರದೆ ಸೋತವನಿಗೆ ಬಾಗಿಲನ್ನು ಮುಚ್ಚಬಾರದೆಂದೂ ಹೇಳುತ್ತದೆ. ಯೇಸುವಿನ ಶಿಷ್ಯರಲ್ಲಿ ಪ್ರಮುಖನಾದ ಪೇತ್ರನೇ ಭಯದಿಂದ ಗುರುವನ್ನು ಮೂರು ಸಾರಿ ಅರಿಯೆನೆಂದನು; ಅದೇ ಪೇತ್ರನಿಗೆ ಸಭೆಯ ಪಾಲನೆ ದೊರೆಯಿತು. ಮಕ್ಕಳು ಮಡಿಲಲ್ಲಿರುವಾಗ ಕತ್ತಿಯ ಮುಂದೆ ನಿಂತ ತಾಯಿಯೊಬ್ಬಳು ಏನು ಮಾಡಬೇಕಾಗಿತ್ತೆಂದು, ಸುಖವಾಗಿ ಕುರ್ಚಿಯಲ್ಲಿ ಕುಳಿತಿರುವ ನಾವು ತೀರ್ಪು ಹೇಳುವುದು ಸಲ್ಲದು. ಈ ಉಪದೇಶವನ್ನು ತನ್ನ ಮೇಲೆ ಪ್ರಯೋಗಿಸಿಕೊಳ್ಳಬಹುದು. ಇನ್ನೊಬ್ಬರ ಮೇಲೆ ದೊಣ್ಣೆಯಂತೆ ಎತ್ತಲಾಗದು.

ಎರಡನೆಯ ಪ್ರಶ್ನೆ ಹೊಟ್ಟೆಯದು. ನೆಲೆಯಿಲ್ಲದ ಕುಟುಂಬಗಳಿಗಾಗಿ ದ್ಯುಬುವಾ ಅವರು ಬೇಸಾಯದ ವಸತಿಗಳನ್ನು ಏರ್ಪಡಿಸಿದರು. ಆ ಕಾಲದಲ್ಲಿ ಸಿಡುಬು ಹಳ್ಳಿಗಳನ್ನೇ ಬರಿದುಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಜೆನ್ನರ್ ಮಹಾಶಯನು ಕಂಡುಹಿಡಿದ ದೇವಿ ಹಾಕುವ ಕ್ರಮವು ಇನ್ನೂ ಹತ್ತು ವರ್ಷವೂ ತುಂಬದ ಹೊಸ ವಿದ್ಯೆಯಾಗಿದ್ದಾಗಲೇ, 1803 ಮತ್ತು 1804ರಲ್ಲಿ, ಈ ಪಾದ್ರಿಯು 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಪರಲೋಕವನ್ನು ಮೊದಲು ಅರಸಹೊರಟವರು ಈ ಲೋಕದ ಮಕ್ಕಳ ತೋಳಿನ ಗಾಯವನ್ನು ನೋಡಿಕೊಂಡು ಊರೂರು ತಿರುಗಿದರೆಂಬುದನ್ನು ಗಮನಿಸಬೇಕು. ದೇವರನ್ನು ಮೊದಲು ಇಟ್ಟರೆ ಮನುಷ್ಯನು ಕೊನೆಗೆ ಬೀಳುತ್ತಾನೆಂಬ ಭಯಕ್ಕೆ ಇದು ಒಂದು ಸಮಾಧಾನ.

ಅವರು ದೋಷವಿಲ್ಲದ ಮಹಾತ್ಮರೆಂದು ನಾನು ಹೇಳುತ್ತಿಲ್ಲ. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿಯು 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಬಹುಭಾಗವು ಅವರಿಗಿಂತ ಹಿಂದಿನ ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರಹವನ್ನು ಆಧರಿಸಿದುದೆಂದು 1987ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಆ ಹಿಂದಿನವನ ಹೆಸರನ್ನು ದ್ಯುಬುವಾ ಹೇಳಲಿಲ್ಲ. ಕೀರ್ತಿಯೂ ಒಂದು ಲೌಕಿಕ ವಸ್ತುವೇ. ಬಟ್ಟೆ, ಊಟ, ಮನೆಗಳನ್ನು ಬಿಟ್ಟವನೂ ಅದನ್ನು ಬಿಡುವುದು ಕಷ್ಟ.

ಆದರೆ ಅವರ ಇಂಡಿಯಾ ವಾಸದ ಕೊನೆಯ ಘಟ್ಟದಲ್ಲಿ ನಡೆದ ಒಂದು ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. 1823ರಲ್ಲಿ ಇಂಡಿಯಾದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು ಪ್ರಕಟವಾದವು. ಇಪ್ಪತ್ತೈದು ವರ್ಷಗಳ ಶ್ರಮದಲ್ಲಿ ತಾವು ಹೊಸದಾಗಿ ಸೇರಿಸಿದವರು ಇನ್ನೂರು ಮುನ್ನೂರು ಜನರಿಗಿಂತ ಹೆಚ್ಚಿಲ್ಲವೆಂದೂ, ಅವರಲ್ಲಿಯೂ ಬಹುಮಂದಿ ಲೌಕಿಕವಾದ ಆಸೆಯಿಂದ ಬಂದವರೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಯೂರೋಪಿನಲ್ಲಿ ಮಿಷನ್ನುಗಳಿಗೆ ಹಣ ಸೇರುತ್ತಿದ್ದುದು ಜಯದ ವರದಿಗಳಿಂದ. ಸೋಲಿನ ವರದಿಯನ್ನು ಕೊಡುವುದು ಎಂದರೆ ಸ್ವಂತ ಪಕ್ಷದ ಬೊಕ್ಕಸಕ್ಕೆ ಕನ್ನವಿಕ್ಕಿದಂತೆ. ಅವರ ತೀರ್ಮಾನವು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆ ಕಾಲದಲ್ಲಿಯೇ ಅದಕ್ಕೆ ಪ್ರತ್ಯುತ್ತರಗಳು ಹೊರಟವು. ಲಾಭಕ್ಕಿಂತ ಸತ್ಯವನ್ನು ಮುಂದೆ ಇಟ್ಟರೆಂಬುದು ಮಾತ್ರ ನಿಜ.

ಲೌಕಿಕದ ಆಸೆಯಿಂದ ಬಂದ ಬಡವರನ್ನು ದ್ಯುಬುವಾ ಅವರು ಸ್ವಲ್ಪ ತಾತ್ಸಾರದಿಂದ ಕಂಡರು. ಇಲ್ಲಿ ನನ್ನ ಅಭಿಪ್ರಾಯವು ಬೇರೆ. ಹಸಿದವನು ಮೊದಲು ಅನ್ನವನ್ನು ಅರಸುವುದು ಪಾಪವೇ? ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಯೇಸುವು ಐದು ಸಾವಿರ ಜನರಿಗೆ ಮೊದಲು ಊಟವಿಕ್ಕುತ್ತಾನೆ. ಮರುದಿನ ಅವರು ಮತ್ತೆ ಹುಡುಕಿಕೊಂಡು ಬಂದಾಗ, ನೀವು ರೊಟ್ಟಿಗಾಗಿ ಬಂದಿರಿ, ಅದಕ್ಕಿಂತ ದೊಡ್ಡದನ್ನು ಅರಸಿರಿ ಎನ್ನುತ್ತಾನೆ. ಊಟ ಮೊದಲು, ಗದರಿಕೆ ಆಮೇಲೆ. ಈ ಅನುಕ್ರಮವು ಅರ್ಥವಿಲ್ಲದ್ದಲ್ಲ. ಭಕ್ತಿಯನ್ನು ಮೊದಲು ಇಡೆಂದು ಹಸಿದವನಿಗೆ ಹೇಳತಕ್ಕವನು, ತನ್ನ ಭಕ್ತಿಯನ್ನು ಮೊದಲು ಆ ಹಸಿದವನ ಎಲೆಯ ಮೇಲೆ ತೋರಿಸಬೇಕು. ಯಾಕೋಬನ ಪತ್ರಿಕೆಯಲ್ಲಿಯೂ ಇದೇ ಅಭಿಪ್ರಾಯವಿದೆ: ಬಟ್ಟೆಯಿಲ್ಲದೆ ನಡುಗುವವನಿಗೆ ಒಳ್ಳೆಯ ಮಾತನ್ನಾಡಿ ಕಳುಹಿಸಿಬಿಟ್ಟರೆ ಅಂಥ ನಂಬಿಕೆ ಸತ್ತದ್ದು.

ಹಾಗೆಂದು, ಕ್ರೈಸ್ತರಾದವರೆಲ್ಲರೂ ಲಾಭಕ್ಕಾಗಿಯೇ ಆದರೆಂಬ ಮಾತು ಚರಿತ್ರೆಗೆ ಒಪ್ಪುವುದಿಲ್ಲ. ಬಹುಮಂದಿಗೆ ಅದರಿಂದ ನಷ್ಟವೇ ಆಯಿತು. ಮತವನ್ನು ಬದಲಾಯಿಸಿದವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಬ್ರಿಟಿಷ್ ಇಂಡಿಯಾದಲ್ಲಿ 1850ರಲ್ಲಿಯೇ ಕಾಯಿದೆಯಾಯಿತು. ಮೈಸೂರು ಸಂಸ್ಥಾನದಲ್ಲಿ ಅಂಥ ರಕ್ಷಣೆಗೆ ಇನ್ನೂ ಬಹುಕಾಲ ಕಾಯಬೇಕಾಯಿತು. ಆ ನಡುವೆ ಸ್ನಾನದೀಕ್ಷೆಯನ್ನು ಹೊಂದಿದ ಯುವಕನೊಬ್ಬನು ತಂದೆಯ ಮನೆ, ಗದ್ದೆ, ಬಂಧುಬಳಗ, ಕೆಲವುವೇಳೆ ಹೆಂಡತಿಮಕ್ಕಳನ್ನೂ ಒಂದೇ ದಿನದಲ್ಲಿ ಕಳೆದುಕೊಳ್ಳಬೇಕಾಗಿತ್ತು. ಅವನ ಪಾಲಿಗೆ "ಮೊದಲು" ಎಂಬ ಪದದ ಬೆಲೆ ಎಷ್ಟೆಂಬುದನ್ನು ನಾವು ಊಹಿಸಬಹುದು. ಅವನನ್ನು ಕಳೆದುಕೊಂಡ ಆ ಮನೆಯವರ ದುಃಖವನ್ನೂ ಮರೆಯಲಾಗದು. ಬೆಲೆಯನ್ನು ತೆತ್ತವರು ಎರಡು ಕಡೆಯಲ್ಲಿಯೂ ಇದ್ದರು.

ಮಂಗಳೂರಿನ ಬಾಸೆಲ್ ಮಿಷನ್ನಿನವರಿಗೆ ಈ ಕಷ್ಟವು ಬೇಗನೆ ತಿಳಿಯಿತು. ಕಸಬನ್ನು ಕಳೆದುಕೊಂಡು ಬಂದವರಿಗೆ ಕಸಬನ್ನು ಕೊಡಬೇಕೆಂದು ಅವರು ನೇಯ್ಗೆಯ ಶಾಲೆಯನ್ನೂ, ಅಚ್ಚಿನ ಕೂಟವನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಕನ್ನಡನಾಡಿನ ಅನೇಕ ಮನೆಗಳ ಮೇಲೆ ಇಂದಿಗೂ ಕಾಣುವ ಮಂಗಳೂರು ಹೆಂಚಿನ ಹುಟ್ಟು ಇದು. ಅನ್ನಕ್ಕಾಗಿ ಬೇಡದೆ ದುಡಿದು ಉಣ್ಣಬೇಕೆಂಬುದು ಅಲ್ಲಿನ ನಿಯಮ. ಸಂಬಳವನ್ನು ಕೊಡತಕ್ಕವರೂ ಧರ್ಮವನ್ನು ಬೋಧಿಸತಕ್ಕವರೂ ಒಬ್ಬರೇ ಆದಾಗ, ಮನುಷ್ಯನು ಪ್ರಾರ್ಥಿಸುವುದು ದೇವರನ್ನು ಮೆಚ್ಚಿಸಲೋ ಯಜಮಾನನನ್ನು ಮೆಚ್ಚಿಸಲೋ ಎಂಬ ತೊಡಕು ಬಾರದೆ ಇರದು. ಆ ತೊಡಕಿಗೆ ಪೂರ್ಣವಾದ ಪರಿಹಾರ ಆಗಲೂ ದೊರೆಯಲಿಲ್ಲ, ಈಗಲೂ ದೊರೆತಿಲ್ಲ.

ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರ ಹೆಸರನ್ನು ಕನ್ನಡ ಬಲ್ಲವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 1853ರಲ್ಲಿ ಇಲ್ಲಿಗೆ ಬಂದ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕಥಾಮಾಲೆಯೆಂಬ ಹೆಸರಿನಿಂದ ನಮ್ಮ ದೇಶೀಯ ಛಂದಸ್ಸಿನಲ್ಲಿ ಹಾಡಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಅಚ್ಚುಮಾಡಿಸಿದರು. ಒಂದೊಂದು ಪದಕ್ಕೂ ಪ್ರಯೋಗವನ್ನು ಹುಡುಕುತ್ತ, ಪರಮತದ ಗ್ರಂಥಗಳನ್ನೂ ಗಾದೆಗಳನ್ನೂ ಗೌರವದಿಂದ ಓದಿದ ಆ ದಶಕಗಳ ದುಡಿಮೆಯೂ ಒಂದು ಬಗೆಯ ಆರಾಧನೆಯೇ. ಕೆಲಸವನ್ನು ದೇವರಿಗೆ ಒಪ್ಪಿಸಿದವನು ಕೆಲಸವನ್ನು ಅರೆಮನಸ್ಸಿನಿಂದ ಮಾಡುವುದಿಲ್ಲ.

ಮೈಸೂರಿಗೆ ಮರಳಿ ಬರೋಣ. ಅಶೋಕ ರಸ್ತೆಯ ಸಂತ ಫಿಲೋಮಿನಾ ದೇವಾಲಯವನ್ನು ಕಾಣದವರು ನಮ್ಮಲ್ಲಿ ಇಲ್ಲ. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲಿ ಒಂದು ಸಣ್ಣ ಗುಡಿ ಎದ್ದಿತ್ತು. ಈಗಿನ ಭವ್ಯಮಂದಿರಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರವರು 1933ನೆಯ ಇಸವಿ ಅಕ್ಟೋಬರ್ 28ರಂದು ಅಸ್ತಿಭಾರದ ಶಿಲೆಯನ್ನು ಇಟ್ಟರು. ಜರ್ಮನಿಯ ಕೊಲೋನ್ ನಗರದ ಮಹಾದೇವಾಲಯದ ಮಾದರಿಯ ಆ ಜೋಡಿ ಗೋಪುರಗಳು ಸುಮಾರು 175 ಅಡಿ ಎತ್ತರವಾಗಿವೆ. ಇಷ್ಟು ಹಣವನ್ನು ಕಲ್ಲಿಗೆ ಸುರಿಯುವುದಕ್ಕಿಂತ ಬಡವರಿಗೆ ಹಂಚಬಹುದಾಗಿತ್ತಲ್ಲವೇ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಗೋಪುರವನ್ನು ಕಟ್ಟಿ ಬಡವನನ್ನು ಮರೆತ ಊರಿಗೆ ಅದು ಅಪಮಾನ. ಆದರೆ ಬಡವನಿಗೂ ಗೋಪುರವು ಬೇಕು; ಒಂದು ಕೋಣೆಯ ಮನೆಯಲ್ಲಿ ಹತ್ತು ಜನರೊಡನೆ ಬಾಳುವವನಿಗೆ, ತಲೆಯೆತ್ತಿ ನೋಡಬಹುದಾದ, ತನ್ನದೆಂದು ಹೇಳಿಕೊಳ್ಳಬಹುದಾದ ಎತ್ತರದ ಛಾವಣಿಯೊಂದು ಅಲ್ಲಿಯೇ ದೊರೆಯುವುದು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಇದೇ ಊರಿನಲ್ಲಿದೆ. ಗೋಪುರವೂ ಆಸ್ಪತ್ರೆಯೂ ಒಂದೇ ಊರಿನಲ್ಲಿ ಇರುವುದೇ ಆ ಪ್ರಶ್ನೆಗೆ ತಕ್ಕ ಉತ್ತರವೆಂದು ತೋರುತ್ತದೆ.

ಸಂತ ಫಿಲೋಮಿನಾ ಗುಡಿಯಲ್ಲಿ ಮೇಣದ ಬತ್ತಿಯನ್ನು ಹಚ್ಚಿ ಹರಕೆ ಹೊರುವವರಲ್ಲಿ ಎಲ್ಲ ಮತದವರೂ ಉಂಟು. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿ, ಮಗಳಿಗೆ ವರನು ಸಿಕ್ಕಲಿ, ಕಾಯಿಲೆ ವಾಸಿಯಾಗಲಿ ಎಂದು ಬೇಡುವುದರಲ್ಲಿ ತಪ್ಪಿಲ್ಲ. ಮಗುವು ತಾಯಿಯನ್ನು ಬೇಡದೆ ಮತ್ತಾರನ್ನು ಬೇಡೀತು? ಆದರೆ ಹರಕೆಯು ವ್ಯಾಪಾರವಾಗಬಾರದು. ಇಷ್ಟು ಕೊಡು, ಇಷ್ಟು ಕೊಡುತ್ತೇನೆಂದು ದೇವರೊಡನೆ ಕರಾರು ಮಾಡಿಕೊಳ್ಳತಕ್ಕವನು, ಲೌಕಿಕವನ್ನು ಮುಂದಿಟ್ಟು ಭಕ್ತಿಯನ್ನು ಅದರ ಸೇವಕನನ್ನಾಗಿ ಮಾಡಿದನು.

ಹಾಗಾದರೆ ದಿನದ ಬಾಳಿನಲ್ಲಿ ಈ ಕ್ರಮವನ್ನು ಪಾಲಿಸುವ ಬಗೆ ಹೇಗೆ? ಕ್ರೈಸ್ತ ಕುಟುಂಬಗಳಲ್ಲಿ ರೂಢಿಯಾಗಿ ಬಂದಿರುವ ಕೆಲವು ಪದ್ಧತಿಗಳಿವೆ: ಬೆಳಿಗ್ಗೆ ಎದ್ದೊಡನೆಯ ಪ್ರಾರ್ಥನೆ, ಊಟದ ಮುಂಚಿನ ವಂದನೆ, ಸಂಜೆ ಮನೆಮಂದಿಯೆಲ್ಲ ಕುಳಿತು ಜಪಮಾಲೆಯನ್ನೋ ಬೈಬಲಿನ ಅಧ್ಯಾಯವನ್ನೋ ಓದುವುದು, ಭಾನುವಾರದ ವಿಶ್ರಾಂತಿ, ಸಂಪಾದನೆಯಲ್ಲಿ ಒಂದು ಪಾಲನ್ನು ತೆಗೆದಿಡುವುದು. ಕರಾವಳಿಯ ಕ್ಯಾಥೋಲಿಕರು ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮೋತ್ಸವದಲ್ಲಿ ಹೊಸ ತೆನೆಯನ್ನು ಗುಡಿಗೆ ತಂದು ಹರಸಿಸಿಕೊಂಡು, ಆಮೇಲೆ ಹೊಸ ಅಕ್ಕಿಯನ್ನು ಉಣ್ಣುತ್ತಾರೆ. ಇವೆಲ್ಲದರ ಸಾರವೂ ಒಂದೇ. ದಿನದ ಮೊದಲ ಗಳಿಗೆ, ವಾರದ ಮೊದಲ ದಿನ, ಬೆಳೆಯ ಮೊದಲ ತೆನೆ, ಸಂಬಳದ ಮೊದಲ ರೂಪಾಯಿ, ಇವನ್ನು ದೇವರದೆಂದು ತೆಗೆದಿಟ್ಟರೆ, ಉಳಿದದ್ದನ್ನು ಕಾಣುವ ಕಣ್ಣೇ ಬದಲಾಗುತ್ತದೆ. ಉಳಿದದ್ದನ್ನು ಮೊದಲು ಖರ್ಚುಮಾಡಿ ಮಿಕ್ಕಿದ್ದನ್ನು ಕೊಡೋಣವೆಂದರೆ, ಮಿಗುವುದು ಏನೂ ಇಲ್ಲವೆಂಬುದು ಸಂಸಾರಿಗಳೆಲ್ಲರ ಅನುಭವ.

ಆದರೆ ನಿಜವಾದ ಪರೀಕ್ಷೆ ನಡೆಯುವುದು ಪ್ರಾರ್ಥನೆಯ ಹೊತ್ತಿನಲ್ಲಿ ಅಲ್ಲ. ದೇವರಾಜ ಮಾರುಕಟ್ಟೆಯ ವರ್ತಕನಿಗೆ ಅದು ತಕ್ಕಡಿಯ ಮುಂದೆ ನಡೆಯುತ್ತದೆ. ಕಚೇರಿಯ ಗುಮಾಸ್ತನಿಗೆ, ಮೇಜಿನ ಕೆಳಗಿನಿಂದ ಬಂದ ಲಕೋಟೆಯ ಮುಂದೆ. ನನ್ನಂಥ ಉಪಾಧ್ಯಾಯನಿಗೆ, ಪಾಠವನ್ನು ತರಗತಿಯಲ್ಲಿ ಅರ್ಧಕ್ಕೆ ನಿಲ್ಲಿಸಿ ಉಳಿದರ್ಧವನ್ನು ಮನೆಪಾಠಕ್ಕೆ ಕಾದಿರಿಸುವ ಆಸೆಯ ಮುಂದೆ. ಲಕೋಟೆಯನ್ನು ಹಿಂದಿರುಗಿಸಿದ ಗುಮಾಸ್ತನ ಮನೆಯಲ್ಲಿ ಮಗಳ ಮದುವೆ ಒಂದು ವರ್ಷ ಮುಂದಕ್ಕೆ ಹೋಗಬಹುದು. ಆ ವರ್ಷವನ್ನು ಅನುಭವಿಸತಕ್ಕವಳು ಮಗಳು. ಪುಣ್ಯವನ್ನು ಹೇಳಿಕೊಳ್ಳತಕ್ಕವನು ತಂದೆ. ಇದು ನ್ಯಾಯವೇ ಎಂದು ಕೇಳಿದರೆ ಸುಲಭವಾದ ಉತ್ತರ ನನ್ನಲ್ಲಿ ಇಲ್ಲ. ಒಂದನ್ನು ಮಾತ್ರ ಹೇಳಬಲ್ಲೆ: ಒಬ್ಬನು ಮಾಡಿದ ತೀರ್ಮಾನದ ಭಾರವನ್ನು ಇಡೀ ಮನೆಯು ಹೊರಬೇಕಾದರೆ, ಆ ತೀರ್ಮಾನದ ಕಾರಣವೂ ಇಡೀ ಮನೆಗೆ ತಿಳಿದಿರಬೇಕು. ಸಂಜೆಯ ಪ್ರಾರ್ಥನೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂಡುವುದರ ಪ್ರಯೋಜನ ಇಲ್ಲಿ ತೋರುತ್ತದೆ. ಯಾವುದು ಮೊದಲೆಂಬುದನ್ನು ಹೆಂಡತಿಮಕ್ಕಳೊಡನೆ ಕುಳಿತು ಒಪ್ಪಿಕೊಂಡವನ ಬಡತನವು ಮನೆಯವರ ಮೇಲೆ ಹೇರಿದ ದಂಡವಾಗದೆ, ಮನೆಯವರೆಲ್ಲರ ವ್ರತವಾಗುತ್ತದೆ.

ಭಕ್ತಿಯ ಹೆಸರಿನಲ್ಲಿ ಕರ್ತವ್ಯವನ್ನು ತಪ್ಪಿಸಿಕೊಳ್ಳುವ ಅಪಾಯವೂ ಉಂಟು. ಸಾಲವನ್ನು ತೀರಿಸದೆ ಕಾಣಿಕೆಯನ್ನು ಹಾಕತಕ್ಕವನೂ, ಮುದಿ ತಾಯಿಯನ್ನು ನೋಡಿಕೊಳ್ಳದೆ ಗುಡಿಗೆ ದಾನಕೊಡತಕ್ಕವನೂ ಯೇಸುವಿನ ಕಾಲದಲ್ಲಿಯೇ ಇದ್ದರು. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ದೇವರಿಗೆ ಮುಡಿಪೆಂದು ಹೇಳಿ ನುಣುಚಿಕೊಂಡವರನ್ನು ಆತನು ಕಠಿಣವಾಗಿ ಖಂಡಿಸಿದನು. ದೇವರನ್ನು ಮೊದಲು ಇಡುವುದೆಂದರೆ ಮನುಷ್ಯರಿಗೆ ಸಲ್ಲಬೇಕಾದ ಬಾಕಿಯನ್ನು ಅಳಿಸುವುದಲ್ಲ. ಅದನ್ನು ಮೊದಲು ತೀರಿಸುವುದು.

ಶ್ರೋತೃಗಳೇ, ಶ್ರೀರಂಗಪಟ್ಟಣದಿಂದ ಬಿಡುಗಡೆ ಹೊಂದಿದ ಆ ಜನರಲ್ಲಿ ಅನೇಕರು ಮತ್ತೆ ಘಟ್ಟವನ್ನು ಇಳಿದು ಹೋಗಿ, ಪಾಳುಬಿದ್ದ ಹೊಲಗಳನ್ನು ಉತ್ತರು. ಬಿದ್ದ ಗುಡಿಗಳನ್ನು ಕಟ್ಟಿದರು. ಮಿಕ್ಕವರು ಈ ಸೀಮೆಯಲ್ಲಿಯೇ ನಿಂತು ದ್ಯುಬುವಾ ಅವರ ಸಭೆಯಲ್ಲಿ ಸೇರಿ ಬೇಸಾಯಮಾಡಿದರು. ಅವರೆಲ್ಲರಿಗೂ ಹೊಲವೂ ಬೇಕಾಗಿತ್ತು, ಗುಡಿಯೂ ಬೇಕಾಗಿತ್ತು. ನಮಗೂ ಎರಡೂ ಬೇಕು. ಯಾವುದನ್ನು ಮೊದಲು ನೆನೆದು ಯಾವುದಕ್ಕೆ ಆಮೇಲೆ ಕೈಹಾಕುತ್ತೇವೆಂಬುದು ನಾಳೆಯ ಬೆಳಿಗ್ಗೆ ನಮ್ಮ ನಮ್ಮ ಕೈಯಲ್ಲಿಯೇ ಇರುವ ವಿಷಯ.